ಎರಡೇ ಐಟಂ

ಕಂಪ್ಯೂಟರ್ ಕಲಿಯುವುದು ನಮ್ಮ ಮನೆಯಲ್ಲಿ ಎಂದೂ ಆಗದ ಮಾತು ಎಂದವರು ನನ್ನ ಸೋದರಮಾವ. ಅವರು ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಜವಾನರಾಗಿದ್ದರು. ಸಾಹೇಬರ ಕೋಣೆಯಲ್ಲಿ ಬಟ್ಟೆ ಹೊದಿಸಿಟ್ಟ ಕಂಪ್ಯೂಟರಿನ ಧೂಳನ್ನು ದಿನಾ ಒರೆಸುತ್ತಿದ್ದರಾದ್ದರಿಂದ, ಆ ವಿಷಯದಲ್ಲಿ ನಮ್ಮ ಮನೆಗೆ ಅವರದೇ ಕೊನೆಯ ಮಾತು.

"ಬಿ.ಎ. ಮಾಡೀದಿ, ಭಾಳ ಆತು. ಅದು ಇಂಗ್ಲೀಷಿನ್ಯಾಗ ಕೇಳ್ತೈತಿ ಬೇ, ನೀ ಏನಂತ ಹೇಳ್ತಿ?" ಎಂದರು.

ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಓಣಿಯಲ್ಲೇ ಪದವಿ ಮುಗಿಸಿದ ಮೊದಲನೆಯವಳು ನಾನು. ಅವ್ವ, ಅಪ್ಪ ಬೇಗ ಹೋದರು. ಅಕ್ಕ ನಾಲ್ಕನೇ ತರಗತಿಗೆ ಶಾಲೆ ಬಿಟ್ಟು, ಕಾಲುವೆ ಕಡೆಯ ಗದ್ದೆಗಳಲ್ಲಿ ನಾಟಿ ಹಚ್ಚಿ ನನ್ನನ್ನು ಓದಿಸಿದಳು. ಕಾಲೇಜಿನ ರಜೆಯಲ್ಲಿ ನಾನೂ ಅವಳ ಜೊತೆ ದಢೇಸುಗೂರಿನ ಕೆಸರಿನಲ್ಲಿ ಬಗ್ಗಿ ನಿಂತವಳೇ. ಇಂಗ್ಲಿಷ್ ಓದಲು ಬರುತ್ತಿತ್ತು. ಮಾತಾಡಲು ಬರುತ್ತಿರಲಿಲ್ಲ, ಆದರೆ ಕಂಪ್ಯೂಟರಿನ ಹತ್ತಿರ ಯಾರು ಮಾತಾಡುತ್ತಾರೆ? ಅದು ಕೇಳಿದ್ದನ್ನು ಓದಿ ಗುಂಡಿ ಒತ್ತಿದರಾಯಿತು. ಮಸ್ಕಿಯ ಒಂದು ಕಚೇರಿಗೆ ಟೈಪು ಮಾಡುವವರು ಬೇಕಾಗಿದ್ದರು. ಕಂಪ್ಯೂಟರ್ ಸರ್ಟಿಫಿಕೇಟ್ ತಂದರೆ ಮಾತ್ರ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಆ ಒಂದು ಕಾಗದಕ್ಕಾಗಿ ನಾನು ಆರು ತಿಂಗಳು ಬೆಳಗಿನ ಬಸ್ಸು ಹತ್ತಿ ಮಸ್ಕಿಯಿಂದ ಸಿಂಧನೂರಿಗೆ ಹೋಗಿ ಬಂದೆ.

ಕ್ಲಾಸು ಬೀಜ, ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಔಷಧದ ವಾಸನೆ ಮೂಗಿಗೆ ಅಡರುತ್ತಿತ್ತು. ಚಪ್ಪಲಿ ಹೊರಗೆ ಬಿಡಬೇಕು. ಏಳು ಕಂಪ್ಯೂಟರಿಗೆ ನಾವು ಹದಿನಾಲ್ಕು ಮಂದಿ, ಒಂದಕ್ಕೆ ಇಬ್ಬರಂತೆ. ಹನ್ನೆರಡು ಮಂದಿ ಗಂಡು ಹುಡುಗರು. ಉಳಿದವರು ನಾನು ಮತ್ತು ಬಳಗಾನೂರಿನ ಒಬ್ಬ ಸೊಸೆ. ಅವಳು ಪಿಯುಸಿ ಓದಿ ಮದುವೆಯಾದವಳು. ಗಂಡನ ಮನೆಯವರನ್ನು ಹೇಗೋ ಒಪ್ಪಿಸಿ ಬರುತ್ತಿದ್ದಳು. ಸಿಂಧನೂರಿನಲ್ಲಿ ನನಗೆ ಮಾತಿಗೆ ಸಿಕ್ಕವಳು ಅವಳೊಬ್ಬಳೇ. ಮಧ್ಯಾಹ್ನ ಮೆಟ್ಟಿಲ ಮೇಲೆ ಕುಳಿತು ಅವಳ ಚಟ್ನಿ, ನನ್ನ ರೊಟ್ಟಿ ಕೂಡಿಸಿ ಉಣ್ಣುತ್ತಿದ್ದೆವು. ಒಮ್ಮೆ ಅಕ್ಕ ನಾನು ಕಲಿಯುವ ಜಾಗ ನೋಡಲು ಬಂದಾಗ ಅವಳು ತನ್ನ ಕುರ್ಚಿ ಬಿಟ್ಟುಕೊಟ್ಟು, ಮೌಸಿನ ಮೇಲೆ ಅಕ್ಕನ ಕೈ ಇರಿಸಿ, ಪರದೆಯ ಮೇಲೆ ಬಾಣ ಓಡುವುದನ್ನು ತೋರಿಸಿದಳು. ಅಕ್ಕ ಹೆದರಿ ಕೈ ತೆಗೆದು ನಕ್ಕಳು.

ಕೋರ್ಸು ಮುಗಿಯಲು ಎರಡು ವಾರವಿತ್ತು. ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಿ ಕೊಟ್ಟಿದ್ದೆವು, ಕಲಿಸುವ ಸರ್ ಅವನ್ನು ತಾವು ಕೂರುವ ದೊಡ್ಡ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಒಂದು ದಿನ ಅದರಲ್ಲಿ ಜಾಗ ಸಾಲದಾಯಿತು. ಸರ್ ನನ್ನನ್ನು ಕರೆದು, ನೀವು ಡಿಗ್ರಿ ಮಾಡಿದವರು, ನೋಡಿ ಮಾಡುತ್ತೀರಿ, ಬೇಡವಾದ ಹಳೆಯದನ್ನೆಲ್ಲ ಅಳಿಸಿ ಎಂದು ಹೇಳಿ ಊಟಕ್ಕೆ ಹೋದರು. ಹನ್ನೆರಡು ಗಂಡು ಹುಡುಗರಿರುವಾಗ ನನಗೆ ಹೇಳಿದರು ಎಂದು ನಾನು ಬೀಗಿದೆ. ಒಂದೊಂದಾಗಿ ತೆರೆದು ನೋಡುತ್ತಾ ಅಳಿಸಿದೆ. ಕೊನೆಗೆ ಎರಡು ಉಳಿದವು. ಒಂದು ಹಿಂದಿನ ಬ್ಯಾಚಿನವರು ಟೈಪು ಮಾಡಿದ ಹಳೆಯ ಪತ್ರ. ಇನ್ನೊಂದು 'ನ್ಯೂ ಫೋಲ್ಡರ್'. ಹೆಸರಿಡದ ಫೋಲ್ಡರ್ ಎಂದರೆ ಯಾರೋ ಮಾಡಿ ಬಿಟ್ಟ ಖಾಲಿ ಫೋಲ್ಡರ್ ಎಂದು ನಾವೆಲ್ಲ ತಿಳಿದಿದ್ದೆವು. ಚೀಲವಾದರೆ ತುಂಬಿದೆಯೋ ಇಲ್ಲವೋ ದೂರದಿಂದಲೇ ಗೊತ್ತಾಗುತ್ತದೆ. ಈ ಹಳದಿ ಫೋಲ್ಡರಿನದು ತುಂಬಿದ್ದರೂ ಖಾಲಿಯಿದ್ದರೂ ಒಂದೇ ರೂಪ. ಅದೊಂದನ್ನು ನಾನು ತೆರೆಯಲಿಲ್ಲ. ಎರಡನ್ನೂ ಕೂಡಿಸಿ ಹಿಡಿದು ಡಿಲೀಟ್ ಒತ್ತಿದೆ. ಪರದೆಯ ನಡುವೆ ಚೌಕವೊಂದು ಎದ್ದಿತು: ಈ ಎರಡು ಐಟಂಗಳನ್ನು ಅಳಿಸುವುದು ಖಚಿತವೇ?

ಓದಿದೆ. ಎರಡು ಎಂದಿತ್ತು, ನಾನು ಹಿಡಿದದ್ದೂ ಎರಡು. ಯೆಸ್ ಒತ್ತಿದೆ.

ಸಂಜೆ ನೋಡಿದರೆ ಹದಿನಾಲ್ಕೂ ಪ್ರಾಜೆಕ್ಟುಗಳಿಲ್ಲ. ಅಳಿಸಿದ್ದು ಬಂದು ಬೀಳುವ ಕಸದ ಬುಟ್ಟಿಯನ್ನು ಜಾಗ ಉಳಿಸಲು ಸರ್ ಮೊದಲೇ ಬಂದ್ ಮಾಡಿಟ್ಟಿದ್ದರು, ಹಾಗಾಗಿ ಅಲ್ಲೂ ಹುಡುಕುವಂತಿರಲಿಲ್ಲ. ಏನೇನು ಅಳಿಸಿದಿರಿ ಎಂದು ಸರ್ ಕೇಳಿದಾಗ ನಾನು ಧೈರ್ಯವಾಗಿಯೇ ಹೇಳಿದೆ.

"ನೋಡೇ ಅಳಿಸೀನಿ ಸರ್. ಕಡೀಕ ಉಳಿದದ್ದು ಎರಡೇ ಐಟಂ ರೀ. ಅದೂ ಎರಡು ಅಂತ ಕೇಳ್ತು."

ಹೋದದ್ದು ಹದಿನಾಲ್ಕು. ಎರಡಕ್ಕೂ ಹದಿನಾಲ್ಕಕ್ಕೂ ಎಲ್ಲಿಯ ಸಂಬಂಧ? ಸರ್ ಕೂಡ ಹಾಗಾದರೆ ಅದಲ್ಲ ಎಂದರು. ಅಂದು ಬೆಳಿಗ್ಗೆ ಬಳಗಾನೂರಿನವಳು ತನ್ನ ಮೈದುನ ಕೊಟ್ಟ ಫ್ಲಾಪಿಯೊಂದನ್ನು ಅದೇ ಕಂಪ್ಯೂಟರಿಗೆ ಹಾಕಿದ್ದಳು. ಹಬ್ಬದ ಶುಭಾಶಯದ ಚಿತ್ರಗಳಿದ್ದ ಫ್ಲಾಪಿ. ವೈರಸ್ ಎಂದರು ಯಾರೋ. ಆ ಕಾಲದಲ್ಲಿ ಕಂಪ್ಯೂಟರಿಗೆ ಏನಾದರೂ ವೈರಸ್ಸೇ. ಸರ್ ಅವಳಿಗೆ ಹುಡುಗರೆಲ್ಲರ ಮುಂದೆ, ನಾಳೆಯಿಂದ ಬರಬೇಡಿ ಎಂದುಬಿಟ್ಟರು. ಅವಳು ನನ್ನ ಮುಖ ನೋಡಿದಳು. ಆ ಫ್ಲಾಪಿ ಹಾಕಿದ ಮೇಲೂ ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತೆಂಬುದು ನನಗೆ ಗೊತ್ತಿತ್ತು. ಅಷ್ಟನ್ನಾದರೂ ಹೇಳಬಹುದಿತ್ತು, ಹೇಳಲಿಲ್ಲ.

"ನಾ ಚಿತ್ರ ನೋಡೀನಿ ಅಷ್ಟರಿ ಸರ್" ಎಂದಳು. ಚಪ್ಪಲಿ ಮೆಟ್ಟಿ ಇಳಿದು ಹೋದಳು.

ಮರುದಿನದಿಂದ ಇಬ್ಬರ ಕಂಪ್ಯೂಟರಿಗೆ ನಾನೊಬ್ಬಳೇ. ಪಕ್ಕದ ಕುರ್ಚಿಯನ್ನು ಯಾರೋ ಎಳೆದುಕೊಂಡು ಹೋದರು. ಹುಡುಗರು ಅವಳನ್ನು ಬಯ್ಯುತ್ತಾ ಎಲ್ಲವನ್ನೂ ಮತ್ತೆ ಟೈಪು ಮಾಡಿದರು, ನಾನೂ ಮಾಡಿದೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದೆ. ಇಡೀ ದಿನ ಯಾರೊಡನೆಯೂ ಒಂದು ಮಾತಿಲ್ಲದೆ, ಸಂಜೆ ಕಂಡಕ್ಟರನಿಗೆ 'ಮಸ್ಕಿ' ಎಂದಾಗ ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸುತ್ತಿತ್ತು.

ಕೆಲಸ ಬೇಗ ಮುಗಿದ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಸುಮ್ಮನೆ ಒಂದು ಹೊಸ ಫೋಲ್ಡರ್ ಮಾಡಿ ಒಳಗೊಂದು ಪತ್ರ ಇಟ್ಟು ಅಳಿಸಿ ನೋಡಿದೆ. ಚೌಕ ಎದ್ದು, ಈ ಫೋಲ್ಡರನ್ನೂ ಒಳಗಿರುವುದೆಲ್ಲವನ್ನೂ ತೆಗೆಯುವುದು ಖಚಿತವೇ ಎಂದು ಸರಿಯಾಗಿಯೇ ಕೇಳಿತು. ನೆಮ್ಮದಿಯಾಯಿತು. ಅಂದು ನನಗೆ ಹಾಗೆ ಕೇಳಿರಲಿಲ್ಲ, ಅಂದರೆ ಆ ಫೋಲ್ಡರ್ ಖಾಲಿಯೇ ಇತ್ತು. ಆಮೇಲೆ, ಅಂದು ಮಾಡಿದಂತೆಯೇ, ಫೋಲ್ಡರಿನ ಜೊತೆ ಇನ್ನೊಂದು ಫೈಲನ್ನೂ ಹಿಡಿದು ಡಿಲೀಟ್ ಒತ್ತಿದೆ. ಈ ಎರಡು ಐಟಂಗಳನ್ನು ಎಂದಿತು, ಅಷ್ಟೇ. ಒಳಗಿರುವುದರ ಮಾತೇ ಇಲ್ಲ. ಫೋಲ್ಡರಿನೊಳಗೆ ಹತ್ತು ಪತ್ರ ತುಂಬಿ ನೋಡಿದೆ. ಆಗಲೂ ಎರಡೇ. ಯೆಸ್ ಒತ್ತಿದರೆ ಹತ್ತೂ ಹೋದವು. ಮತ್ತೊಮ್ಮೆ ಮಾಡಿ ನೋಡುವಷ್ಟು ಧೈರ್ಯ ಉಳಿಯಲಿಲ್ಲ.

ಸರ್ ಬಂದ ಕೂಡಲೇ ಹೇಳಿದೆ. ನಮ್ಮ ಪ್ರಾಜೆಕ್ಟುಗಳನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಅವರು, ನ್ಯೂ ಫೋಲ್ಡರ್ ಎಂದೇ ಇರಬೇಕು, ಹೆಸರು ಬದಲಿಸಲು ಪುರಸತ್ತಾಗಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು.

"ಇದನ್ನ ಇಲ್ಲಿಗೇ ಬಿಡ್ರಿ. ಸರ್ಟಿಫಿಕೇಟ್ ಸಹಿಗೆ ಹೋಗ್ಯಾವ. ಈಗ ಎದ್ದು ಹೇಳಿದ್ರ ನಿಮ್ದೂ ನಿಲ್ತೈತಿ, ನನ್ನ ಕ್ಲಾಸಿಗೂ ಯಾರೂ ಬರಂಗಿಲ್ಲ."

"ಆಕೀದ್ರಿ ಸರ್?"

"ಆಕೀ ಪ್ರಾಜೆಕ್ಟ್ ಎಲ್ಲೈತ್ರಿ? ಮುಂದಿನ ಬ್ಯಾಚಿಗೆ ಬಂದ್ರ ನೋಡೋಣು."

ಮಸ್ಕಿಯ ಕಚೇರಿಯವರು ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ನಾನು ತಲೆಯಾಡಿಸಿದೆ. ಹುಡುಗರ ಮುಂದೆ ಬಾಯಿ ಬಿಡಲಿಲ್ಲ. ಇದನ್ನು ಇಷ್ಟು ವರ್ಷ ಎಲ್ಲಿಯೂ ಬರೆದಿರಲಿಲ್ಲ.

ಅವಳಿಗಾದರೂ ಹೇಳಬೇಕೆಂದು ಒಂದು ಭಾನುವಾರ ಬಳಗಾನೂರಿಗೆ ಟಿಕೆಟ್ ತೆಗೆಸಿ ಇಳಿದೆ. ಅವರ ಮನೆ ಎಲ್ಲಿ ಎಂದು ಚಹಾದಂಗಡಿಯಲ್ಲಿ ಕೇಳಿದರೆ ಹೇಳುತ್ತಿದ್ದರು. ಮನೆಗೆ ಹೋಗಿ, ಅವಳ ಅತ್ತೆ, ಮೈದುನರ ಎದುರು ಏನು ಹೇಳುವುದು? ಹೇಳಿದರೆ ಅವಳು ಸಿಂಧನೂರಿಗೆ ಬಂದು ಎಲ್ಲರೆದುರು ಕೇಳಿದರೆ? ನಿಂತೆ. ಗದ್ದೆಯಿಂದ ಬರುವವರು, ಹೋಗುವವರು ನನ್ನನ್ನು ನೋಡಿಕೊಂಡು ಹೋದರು. ಒಂದು ಬಸ್ಸು ಹೋಯಿತು. ಎರಡನೆಯದನ್ನು ಹತ್ತಿ ವಾಪಸ್ಸು ಬಂದೆ.

ಸರ್ಟಿಫಿಕೇಟ್ ಕೊಡುವ ದಿನ ಅಕ್ಕ ಕೆಲಸ ಬಿಟ್ಟು ನನ್ನ ಜೊತೆ ಬಂದಳು. ಮದುವೆ, ಮುಂಜಿವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ದೊಡ್ಡ ಸಮಾರಂಭವೇನಲ್ಲ. ಸರ್ ತಮ್ಮ ಟೇಬಲ್ಲಿನ ಹಿಂದೆ ನಿಂತು ಒಬ್ಬೊಬ್ಬರನ್ನೇ ಕರೆದು ಕೊಟ್ಟರು, ಪೇಡೆ ಹಂಚಿದರು. ಹದಿಮೂರು ಸಲ ಚಪ್ಪಾಳೆ ಆಯಿತು. ನನ್ನದು ಕೊನೆಯದು. ದಪ್ಪ ಕಾಗದ, ಅಂಚಿಗೆ ಬಂಗಾರದ ಬಣ್ಣದ ಬಳ್ಳಿ, ನಡುವೆ ಇಂಗ್ಲಿಷಿನಲ್ಲಿ ನನ್ನ ಹೆಸರು. ಅದನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿದಳು. ನನ್ನ ಕಣ್ಣು ತುಂಬಿದ್ದು ಹೆಮ್ಮೆಗೆ ಎಂದು ಎಲ್ಲರೂ ತಿಳಿದರು. ಹೆಮ್ಮೆಯೂ ಇತ್ತು, ಅದನ್ನು ಇಲ್ಲವೆನ್ನುವುದಿಲ್ಲ.

ಅಕ್ಕ ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು. ಆಮೇಲೆ ಸರ್ ಕಡೆ ತಿರುಗಿದಳು.

"ಇಕಿ ಜೋಡಿ ಕುಂದ್ರತಿದ್ಲಲ್ರಿ, ಬಳಗಾನೂರಿನ ಹೆಣ್ಮಗಳು, ಆಕಿ ಬಂದಿಲ್ಲೇನ್ರಿ? ಆಕೀದೂ ಕೊಡ್ರಿ ಸರ. ನಮ್ಮ ಬಸ್ಸು ಅದ ದಾರ್ಯಾಗ ಹೋಗ್ತೈತಿ, ಇಳದು ನಾವ ಆಕಿ ಕೈಯಾಗ ಕೊಟ್ಟು ಹೋಗ್ತೀವಿ."