ತಿರುವಿನ ಕಲ್ಲುಗಳಿಗೆ ಸುಣ್ಣ

ನಮ್ಮ ಯಜಮಾನರು ಶಾಸಕರಾಗಿದ್ದ ತೊಂಬತ್ತರ ದಶಕದ ಆ ವರ್ಷಗಳಲ್ಲಿ, ಪಾಂಡವಪುರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಾನು ಮಂತ್ರಿಯಾಗಿದ್ದೆ. ಅಧಿವೇಶನ ಹತ್ತಿರ ಬಂತೆಂದರೆ ಅವರು ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು ನನ್ನನ್ನು ಪ್ರಶ್ನೆ ಕೇಳಲು ಶುರು ಮಾಡುತ್ತಿದ್ದರು. ನಾನು ಅವರೆಕಾಯಿ ಸುಲಿಯುತ್ತಲೋ ಮುದ್ದೆ ತಿರುವುತ್ತಲೋ ಉತ್ತರ ಕೊಡಬೇಕು. ಒಂದು ದಿನ ನೀರಾವರಿ ಮಂತ್ರಿ, ಇನ್ನೊಂದು ದಿನ ಆರೋಗ್ಯ ಮಂತ್ರಿ. ಖಾತೆ ಬದಲಾಗುತ್ತಿತ್ತೇ ಹೊರತು ಕೈಯಲ್ಲಿದ್ದ ಕೆಲಸ ಬದಲಾಗುತ್ತಿರಲಿಲ್ಲ.

"ಮಾನ್ಯ ಸಚಿವರು ಸದನಕ್ಕೆ ಉತ್ತರ ಕೊಡಬೇಕು" ಎನ್ನುವರು.

"ಮಾನ್ಯ ಸದಸ್ಯರು ಮೊದಲು ಆ ಮೊರ ಈ ಕಡೆ ತಳ್ಳಬೇಕು" ಎನ್ನುತ್ತಿದ್ದೆ.

ಶಾಸನಸಭೆಯ ಪ್ರಶ್ನೆಗಳಲ್ಲಿ ಎರಡು ಬಗೆ ಎಂದು ನನಗೆ ಕಲಿಸಿದವರು ಅವರೇ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು, ಅದರ ಬೆನ್ನಿಗೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಕಾಗದದಲ್ಲಿ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮವರಿಗೆ ಚುಕ್ಕೆಯೇ ಬೇಕು. ಎದುರಿಗೆ ನಿಂತವನ ಮುಖ ನೋಡದೆ ಕೇಳುವುದು ಅವರ ಜಾಯಮಾನವಲ್ಲ.

ಮಂತ್ರಿಗಿರಿಯನ್ನು ನಾನು ಬೇಗನೆ ಕಲಿತುಬಿಟ್ಟೆ. ಉತ್ತರ ತೋಚದಿದ್ದಾಗ "ಪರಿಶೀಲಿಸಲಾಗುವುದು" ಎಂದರೆ ಸಾಕು, ಅವರು ಮಣೆಯಿಂದ ಎದ್ದೇಬಿಡುತ್ತಿದ್ದರು. "ಆ ಮಾತೊಂದ್ನ ಬುಟ್ಟು ಬೇರೆ ಏನಾರ ಯೋಳು. ಆಗಾಕಿಲ್ಲ ಅನ್ನು, ತಡ್ಕತೀನಿ. ನೋಡ್ತೀವಿ, ವಿಚಾರಿಸ್ತೀವಿ ಅನ್ನೋರ ಜೊತೆ ಜಗಳ ಆಡಾಕೂ ಆಗಾಕಿಲ್ಲ" ಎಂದು ನಿಜವಾಗಿಯೇ ಸಿಟ್ಟಾಗುತ್ತಿದ್ದರು. ನಾನು ನಗುತ್ತಿದ್ದೆ. ಬೇಕೆಂದೇ ಮತ್ತೆ ಹೇಳುತ್ತಿದ್ದೆ.

ಅವರಿಗೆ ಒಬ್ಬಳೇ ತಂಗಿ. ಚಿನಕುರಳಿಯಿಂದ ಆಚೆ ಒಂದು ಹಳ್ಳಿಗೆ ಕೊಟ್ಟಿತ್ತು. ಆ ಊರಿಗೆ ಹೋಗುವ ರಸ್ತೆ ನಾಲೆಯ ಏರಿಯ ಮೇಲೆಯೇ ಸಾಗಿ, ಊರು ಕಾಣುವ ಹೊತ್ತಿಗೆ ಸರಕ್ಕನೆ ತಿರುಗುತ್ತದೆ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ತುಂಬು ನೀರು, ನಡುವೆ ತಡೆ ಎಂಬುದಿಲ್ಲ. ನಾನು ನಾಗಮಂಗಲದ ದೇವಲಾಪುರದ ಕಡೆಯವಳು. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಇಲ್ಲ. ಮದುವೆಯಾದ ಹೊಸದರಲ್ಲಿ ಆ ನಾಲೆ ನೋಡಿ, ಈ ಜನಕ್ಕೆ ಇಷ್ಟು ನೀರು ಸುಮ್ಮನೆ ಮನೆ ಮುಂದೆ ಹರಿಯುತ್ತದಲ್ಲ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೆ. ನಾದಿನಿಯ ಗಂಡ ಸತ್ತ ಮೇಲೆ ಆ ನೀರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅವನು ಒಂದು ಸಂಜೆ ಮೊಪೆಡ್ಡಿನ ಹಿಂದೆ ಹಸಿಹುಲ್ಲಿನ ಹೊರೆ ಕಟ್ಟಿಕೊಂಡು ಬರುತ್ತಿದ್ದ. ತಿರುವಿನಲ್ಲಿ ಗುಂಡಿ ತಪ್ಪಿಸಲು ಹೋಗಿ ನಾಲೆಗೆ ಬಿದ್ದ. ಹುಲ್ಲಿನ ಹೊರೆ ತೇಲಿಕೊಂಡು ಬಂದದ್ದನ್ನು ಬಟ್ಟೆ ಒಗೆಯುತ್ತಿದ್ದ ಹೆಂಗಸರು ನೋಡಿ, ಯಾರದೋ ಮೇವು ಜಾರಿ ಹೋಯಿತಲ್ಲ ಎಂದುಕೊಂಡರಂತೆ. ಹೆಣ ಸಿಕ್ಕಿದ್ದು ಮಾರನೆಯ ದಿನ, ಕೆಳಗಿನ ತೂಬಿನ ಬಳಿ.

ತಿಥಿ ಕಳೆದ ಮೇಲೆ ನಾದಿನಿ ಅಣ್ಣನನ್ನು ಕೇಳಿದ್ದು ಒಂದೇ ಒಂದು. "ನಂಗೇನೂ ಬ್ಯಾಡ ಅಣ್ಣಯ್ಯ. ಅಲ್ಲೊಂದು ಗೋಡೆ ಕಟ್ಟಿಸ್ಕೊಡು. ನನ್ ಮಗ್ಳು ದಿನಾ ಸೈಕಲ್ನಲ್ಲಿ ಅದೇ ದಾರೀಲಿ ಇಸ್ಕೂಲ್ಗೋಗ್ಬೇಕು. ಅವಳು ಮನೆಗೆ ಬರೋಗಂಟ ನಂಗೆ ಉಸ್ರಾಡಕಾಗಲ್ಲ."

ಆ ಸಲದ ಅಧಿವೇಶನಕ್ಕೆ ನಮ್ಮವರು ಬರೆದುಕೊಟ್ಟ ಪ್ರಶ್ನೆ ಅದೇ. ಚೀಟಿ ಎತ್ತಿದಾಗ ಅದೃಷ್ಟಕ್ಕೆ ಚುಕ್ಕೆಯೂ ಸಿಕ್ಕಿತು. ಹೊರಡುವ ಮುನ್ನ ಅಡುಗೆಕೋಣೆಯಲ್ಲಿ ಎಷ್ಟು ಸಲ ಕೇಳಿಸಿಕೊಂಡೆನೋ. ಆ ಒಂದು ಪ್ರಶ್ನೆಗೆ ಮಾತ್ರ ನಾನು ತಮಾಷೆಯ ಉತ್ತರ ಕೊಡಲಿಲ್ಲ. ಸದನದಲ್ಲಿ ಮಂತ್ರಿಗಳು, ಅಲ್ಲಿ ಅಪಾಯವೇನೂ ಇಲ್ಲವೆಂದು ಅಧಿಕಾರಿಗಳ ವರದಿಯಿದೆ, ಆದರೂ ಪರಿಶೀಲಿಸಲಾಗುವುದು ಎಂದರಂತೆ. ಇವರು ಉಪಪ್ರಶ್ನೆಯ ಮೇಲೆ ಉಪಪ್ರಶ್ನೆ ಹಾಕಿ, ವರದಿ ಬರೆದವರು ಆ ಜಾಗ ನೋಡಿದ್ದಾರೆಯೇ ಎಂದು ಪಟ್ಟು ಹಿಡಿದು ಕೂತರು. ಕೊನೆಗೆ ಸದನದ ಒಂದು ಸಮಿತಿಯೇ ಬಂದು ಕಣ್ಣಾರೆ ನೋಡುವುದೆಂದು ಆಯಿತು. ಬೆಂಗಳೂರಿನಿಂದ ಫೋನು ಮಾಡಿದಾಗ ಅವರ ದನಿಯಲ್ಲಿ ಹುಡುಗಾಟಿಕೆ ಇತ್ತು. "ಗೆದ್ದೆ ಕಣೇ. ನೋಡಿದ್ರೆ ಸಾಕು, ಬ್ಯಾರೆ ಸಾಕ್ಷಿ ಯಾಕೆ? ನಮ್ಮೋರ್ಗೆ ಯೋಳು, ದೊಡ್ಡೋರು ಬತ್ತಾವ್ರೆ, ಮರ್ಯಾದೆಯಾಗಿ ನೋಡ್ಕಳಿ ಅಂತ."

ಆ ಮಾತು ಊರಿಗೆ ತಲುಪಿತು. ನಮ್ಮ ಕಡೆಯ ಜನಕ್ಕೆ ಮರ್ಯಾದೆ ಎಂದರೆ ಏನೆಂದು ಹೇಳಬೇಕೇ? ನೆಂಟರು ಬರುತ್ತಾರೆಂದರೆ ಸಾಲ ಇರಲಿ ಸೂತಕ ಇರಲಿ, ಅಂಗಳ ಸಾರಿಸಿ, ಹರಿದ ಚಾಪೆ ಅಟ್ಟಕ್ಕೆ ಎಸೆದು, ಇರುವ ಒಂದೇ ಒಳ್ಳೆಯ ಲೋಟ ತೊಳೆದಿಡುವ ಜನ. ಮನೆಯ ಹುಳುಕನ್ನು ಬಂದವರ ಕಣ್ಣಿಗೆ ಬೀಳಿಸುವುದು ಅವರಿಗೆ ಗೊತ್ತೇ ಇಲ್ಲ. ನಾನು ಅಡುಗೆಯ ಉಸ್ತುವಾರಿಗೆಂದು ಹಿಂದಿನ ದಿನವೇ ಹೋದಾಗ ಊರಿಗೆ ಊರೇ ರಸ್ತೆಯಲ್ಲಿತ್ತು. ಗಂಡಸರು ಗುಂಡಿಗಳಿಗೆ ಜಲ್ಲಿ ಮಣ್ಣು ತುಂಬಿ ಗುಂಡುಕಲ್ಲು ಉರುಳಿಸಿ ಗಟ್ಟಿ ಮಾಡುತ್ತಿದ್ದರು. ತಿರುವಿನ ಅಂಚಿಗೆ ಯಾವ ಕಾಲದಲ್ಲೋ ನೆಟ್ಟ ಗಿಡ್ಡ ಕಲ್ಲುಗಳಿದ್ದವು, ಅರ್ಧಕ್ಕರ್ಧ ಬಿದ್ದುಹೋಗಿ, ಉಳಿದವನ್ನು ಹುಲ್ಲು ನುಂಗಿತ್ತು. ಹುಲ್ಲು ಕೊಯ್ದು, ಕ್ವಾರಿಯಿಂದ ಬೇರೆ ಕಲ್ಲು ತಂದು ಸಾಲು ಸರಿ ಮಾಡಿದ್ದರು. ನಾವು ತೋರಿಸಬೇಕಾದದ್ದನ್ನೇ ಮುಚ್ಚುತ್ತಿದ್ದೇವೆ ಎಂದು ಅಷ್ಟು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಸಮಿತಿಯವರಿಗೆ ಕಳಶ ಹಿಡಿದು ಆರತಿ ಎತ್ತುವವರು ಯಾರು ಎಂಬ ಮಾತು ಬಂತು. ನಾದಿನಿ ನಾಳೆಗೆಂದು ಹೊಸ ರವಿಕೆ ತೆಗೆದಿಟ್ಟುಕೊಂಡಿದ್ದಳು, ಅಣ್ಣನ ಕಡೆಯ ಅತಿಥಿಗಳಲ್ಲವೇ. ಅವಳ ದೊಡ್ಡತ್ತೆ ಮೆಲ್ಲಗೆ, "ನೀ ಒಳ್ಗಿರವ್ವ, ಮುತ್ತೈದೇರು ಮಾಡ್ಲಿ" ಎಂದರು. ನನಗೆ ತಡೆಯಲಾಗಲಿಲ್ಲ. ಯಾರ ಗಂಡ ಸತ್ತದ್ದಕ್ಕೆ ಈ ಸಮಿತಿ ಬರುತ್ತಿದೆಯೋ ಅವಳನ್ನೇ ಒಳಗೆ ಕೂರಿಸುತ್ತೀರಲ್ಲ ಎಂದು ಬಾಯಿಬಿಟ್ಟೆ. ನಾದಿನಿಯೇ ನನ್ನ ಕೈ ಹಿಡಿದಳು. "ಬುಡಿ ಅತ್ತಿಗೆ. ಆರ್ತಿ ಎತ್ತೋರು ಬೇಕಾದಷ್ಟು ಜನ ಅವ್ರೆ. ನಂಗೆ ಬ್ಯಾರೆ ಕೆಲ್ಸ ಐತೆ."

ಬಕೆಟ್ಟಿನಲ್ಲಿ ಸುಣ್ಣ ಕದಡಿಕೊಂಡು ತಿರುವಿಗೆ ಹೋದವಳು ಕತ್ತಲಾಗುವ ತನಕ ಬರಲಿಲ್ಲ. ಗಂಡ ಬಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಲ್ಲಿಗೆ ಬಳಿದಳು. ಒಣಗಿದ ಮೇಲೆ ಇನ್ನೊಂದು ಸಲ ಬಳಿದಳು. ಬೆಳಗ್ಗೆ ನೋಡಿದರೆ ನಾಲೆಯಂಚಿಗೆ ಮಲ್ಲಿಗೆ ದಂಡೆ ಇಟ್ಟಂತೆ ಕಲ್ಲುಗಳು ಬೆಳ್ಳಗೆ ನಿಂತಿದ್ದವು.

ಸಮಿತಿಯವರು ಶ್ರೀರಂಗಪಟ್ಟಣದಲ್ಲಿ ದೇವರ ದರ್ಶನ, ಊಟ ಎಲ್ಲ ಮುಗಿಸಿ ಬರುವಾಗ ಹೊತ್ತು ಇಳಿದಿತ್ತು. ಅವರು ಬೆಳಕಿರುವಾಗಲೇ ಕೆ.ಆರ್. ಪೇಟೆ ಸೇರಬೇಕಿತ್ತು. ವ್ಯಾನಿನಿಂದ ಮೊದಲು ಇಳಿದವರು ನಮ್ಮ ಯಜಮಾನರು. ನೆಲ ನೋಡಿದರು, ಕಲ್ಲು ನೋಡಿದರು, ಮಾವಿನೆಲೆಯ ತೋರಣ ನೋಡಿದರು. ಅವರ ಮುಖದಲ್ಲಿ ರಕ್ತ ಇಳಿದುಹೋದದ್ದು ನನಗೆ ದೂರದಿಂದಲೇ ಕಂಡಿತು. ಆಗಲೇ ನನಗೂ ಅರ್ಥವಾಯಿತು.

"ಏನು ಶಾಸಕರೇ, ನಿಮ್ಮೂರಿನ ರಸ್ತೆ ನಮ್ಮೂರಿಗಿಂತ ಚೆನ್ನಾಗಿದೆಯಲ್ಲ" ಎಂದರು ಅಧ್ಯಕ್ಷರು.

"ನಿನ್ನೆ ಮೊನ್ನೆಗಂಟ ಇಂಗಿರ್ಲಿಲ್ಲ ಸಾರ್" ಎಂದರು ಇವರು. ಅವಸರದಲ್ಲಿ ಸದನದ ಭಾಷೆ ಮರೆತುಹೋಗಿತ್ತು. "ನೀವು ಬತ್ತೀರಿ ಅಂತ ನಮ್ ಜನ..."

"ಜನಕ್ಕೆ ಇಷ್ಟು ಆಸಕ್ತಿ ಇರುವುದು ಒಳ್ಳೆಯದೇ ಅಲ್ಲವೇ?" ಎಂದು ಅವರು ನಕ್ಕರು. ಅಷ್ಟರಲ್ಲಿ ಹಾರ ಬಂತು, ಪೇಟ ಬಂತು, ಎಳನೀರು ಬಂತು. ಇವರು ಪಕ್ಕದಲ್ಲಿ ನಿಂತು ಏನೇನೋ ಹೇಳುತ್ತಲೇ ಇದ್ದರು, ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಾದಿನಿ ಹೊಂಗೆಮರದ ಹಿಂದೆ ಸೆರಗು ಹೊದ್ದು ನಿಂತು, ಅಣ್ಣ ದೊಡ್ಡವರ ಜೊತೆ ಓಡಾಡುವುದನ್ನು ಕಣ್ತುಂಬ ನೋಡುತ್ತಿದ್ದಳು. ಅವಳ ಉಗುರುಗಳಲ್ಲಿ ಇನ್ನೂ ಸುಣ್ಣವಿತ್ತು.

ವರದಿ ಬಂದದ್ದು ಬಹಳ ದಿನದ ಮೇಲೆ. ರಸ್ತೆ ಸುಸ್ಥಿತಿಯಲ್ಲಿದೆ, ತಿರುವಿನಲ್ಲಿ ಸುಣ್ಣ ಬಳಿದ ಅಂಚುಗಲ್ಲುಗಳು ಎದ್ದು ಕಾಣುತ್ತವೆ, ಸದ್ಯಕ್ಕೆ ತಡೆಗೋಡೆಯ ಅಗತ್ಯ ಕಾಣುವುದಿಲ್ಲ ಎಂದಿತ್ತು. ಅವರು ಜಗುಲಿಯಲ್ಲಿ ಕೂತು ಓದಿದರು. ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿಕೊಂಡು ಮತ್ತೆ ಓದಿದರು. ಆ ದಿನ ಊಟಕ್ಕೆ ಏಳಲಿಲ್ಲ.

ಮುಂದಿನ ವಾರ ತಂಗಿ ಬಂದು ಕೇಳಿದಾಗ ಅವರು ಅವಳ ಮುಖ ನೋಡದೆ, "ನಿನ್ ಸುಣ್ಣನ ಬೋ ಮೆಚ್ಕಂಡವ್ರೆ ಕಣವ್ವ. ವರ್ದೀಲೂ ಬರ್ದವ್ರೆ. ಗೋಡೆ ಆಮ್ಯಾಕೆ ಅಂದವ್ರೆ" ಎಂದರು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ಅಲ್ಲಿಂದ ಮೇಲೆ ಯುಗಾದಿಗೊಮ್ಮೆ ಗೌರಿಹಬ್ಬಕ್ಕೊಮ್ಮೆ ಆ ಕಲ್ಲುಗಳಿಗೆ ಸುಣ್ಣ ಬಳಿಯುವುದು ಅವಳಿಗೆ ವ್ರತವಾಯಿತು. ಗೋಡೆ ಬರುವ ತನಕ ಇದೇ ಕಾವಲು ಎನ್ನುತ್ತಿದ್ದಳು. ನಮ್ಮವರು ಪ್ರತಿ ಅಧಿವೇಶನಕ್ಕೂ ಆ ಪ್ರಶ್ನೆಯನ್ನು ಮತ್ತೆ ಬರೆದು ಕೊಟ್ಟರು. ಮತ್ತೆ ಚುಕ್ಕೆ ಸಿಗಲಿಲ್ಲ. ಸಮಿತಿ ನೋಡಿ ಬಂದಿದೆ ಎಂದು ಕಾಗದದಲ್ಲಿ ಉತ್ತರ ಬರುತ್ತಿತ್ತು. ತಂಗಿಯ ಊರಿಗೆ ಹೋಗುವಾಗ ಅವರು ಆ ತಿರುವಿನಲ್ಲಿ ಗದ್ದೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದರು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಅದರ ದುಃಖ ನನಗೆ ಹೆಚ್ಚೇನೂ ಆಗಲಿಲ್ಲ, ಅಡುಗೆಕೋಣೆ ನಿಶ್ಶಬ್ದವಾದದ್ದು ಬಿಟ್ಟರೆ. ಅದೇ ವರ್ಷ ಜೋರು ಮಳೆಯ ಒಂದು ಸಂಜೆ, ಪಕ್ಕದೂರಿನ ಹುಡುಗನೊಬ್ಬ ಹೊಸ ಹೆಂಡತಿಯನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಾ ಅದೇ ತಿರುವಿನಲ್ಲಿ ನಾಲೆಗೆ ಬಿದ್ದ. ಹುಡುಗಿಯನ್ನು ಎಳೆದು ಹಾಕಿದರು. ಅವನು ಉಳಿಯಲಿಲ್ಲ. ಏರಿಯ ಮೇಲೆ ಸೇರಿದ ಜನರಲ್ಲಿ ಒಬ್ಬ, "ಗೋಡೆ ಎಲ್ಲಿಂದ ಬಂದಾದು? ಸುಣ್ಣ ಬಳ್ದು ತೋರ್ಸುದ್ರಲ್ಲ ಇವ್ರೇ. ಸಮಿತಿಯೋರು ಅದ್ನ ನೋಡಿ ಗೋಡೆ ಬ್ಯಾಡ ಅಂತ ಬರ್ಕಂಡೋದ್ರು" ಎಂದನಂತೆ. ನಾದಿನಿ ಆ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದಳು.

ಎರಡು ದಿನ ಬಿಟ್ಟು ಬೆಳಗಿನ ಬಸ್ಸಿಗೆ ನಮ್ಮ ಮನೆಗೆ ಬಂದಳು. ಅಣ್ಣನ ಮೇಲೆ ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು ಎರಡೂ ಕೈ ಮುಂದೆ ಚಾಚಿದಳು. ಬೆರಳ ತುದಿಗಳು ಸುಲಿದು ಹಸಿಯಾಗಿದ್ದವು.

"ಕುಡುಗೋಲು ತಗಂಡು ಸುಣ್ಣನೆಲ್ಲ ಕೆರ್ದಾಕಿವ್ನಿ ಅಣ್ಣಯ್ಯ. ಕ್ವಾರಿ ಕಲ್ನೂ ಕಿತ್ತಾಕಿಸ್ದೆ. ಈಗ ಕರ್ಕಂಬಾ ಅವ್ರನ್ನ. ಈಗ ನೋಡ್ಲಿ."

ನಮ್ಮವರು ಕುರ್ಚಿಯಿಂದ ಎದ್ದು ನಿಂತರು. ಅವರು ಸೋತದ್ದು ಅವಳಿಗೂ ಗೊತ್ತಿತ್ತು, ಆದರೆ ಸೋತವರಿಗೆ ಸಮಿತಿಯನ್ನು ಕರೆಸಲು ಸದನವೇ ಇಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಆಗುವುದಿಲ್ಲ ಎನ್ನಲು ಅವರು ಬಾಯಿ ತೆರೆದರು. ತಂಗಿಯ ಕೈ ನೋಡಿದರು.

"ನೋಡ್ತೀನಿ ಕಣವ್ವ" ಎಂದರು. "ವಿಚಾರಿಸ್ತೀನಿ."

ನಾನು ಅವಳನ್ನು ಅಡುಗೆಕೋಣೆಗೆ ಕರೆದುಕೊಂಡು ಹೋಗಿ, ಅದೇ ಮಣೆಯ ಮೇಲೆ ಕೂರಿಸಿ, ಕೈ ತೊಳೆದು ಕೊಬ್ಬರಿ ಎಣ್ಣೆ ಸವರಿದೆ. ಅವಳು ಉರಿಗೆ ಹಲ್ಲು ಕಚ್ಚಿಕೊಂಡಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು:

"ಯಾವತ್ತು ಬತ್ತಾರೆ ಅತ್ತಿಗೆ?"