ನೀರು ಹಾಕದ ಹುಲ್ಲಕ್ಕ

ಬೆಳಗಿನ ಆರು ಗಂಟೆ. ಬೆಟ್ಟದೂರಿನ ನಮ್ಮ ಕಾಲೇಜಿನ ಹುಲ್ಲುಹಾಸಿನ ಅಂಚಿನಲ್ಲಿ ಮಾಲಿ ಹುಲ್ಲಕ್ಕ ಕೈಕಟ್ಟಿ ನಿಂತಿದ್ದಾರೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಹಿಮದ ತೆಳು ಬಿಳಿ ಪದರ. ಅದು ಕರಗುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ. ತುಳಿದರೆ ಹುಲ್ಲು ಮುರಿದು ಹೆಜ್ಜೆಗುರುತು ವಾರಗಟ್ಟಲೆ ಉಳಿಯುತ್ತದೆ. ಹುಲ್ಲೋ, ಹಳೇ ಚಾಪೆಯ ಬಣ್ಣಕ್ಕೆ ತಿರುಗಿದೆ. ಸತ್ತೇ ಹೋಯಿತು ಅಂದುಕೊಂಡಿದ್ದೆ.

"ಸತ್ತಿಲ್ಲಮ್ಮ, ಮಲಗಿದೆ. ನೀವು ಮೊದಲನೇ ಪೀರಿಯಡ್‌ನಲ್ಲಿ ಮಲಗ್ತೀರಲ್ಲ, ಹಾಗೆ," ಎಂದು ಹುಲ್ಲಕ್ಕ ನನ್ನ ಮಾನ ಕಳೆಯುತ್ತಾರೆ.

ಚಳಿಗಾಲದಲ್ಲಿ ದಿನಕ್ಕೆ ಹನ್ನೊಂದು ಬುಟ್ಟಿ ತರಗೆಲೆ ಎತ್ತಬೇಕು, ವಾರಕ್ಕೊಮ್ಮೆ ಹತ್ತು ನಿಮಿಷ ನೀರು ಬಿಡಬೇಕು. ಉಳಿದದ್ದೆಲ್ಲ ಕಾಯುವುದು. "ಅದೇ ನೋಡು ಕಷ್ಟದ್ದು," ಎನ್ನುತ್ತಾರೆ.

ಹತ್ತೊಂಬತ್ತು ವರ್ಷ ಇಲ್ಲಿ ಹುಲ್ಲಕ್ಕ, ಅವರ ತಂಗಿ ಇಬ್ಬರೂ ಸೇರಿ ದುಡಿದಿದ್ದಾರೆ. ಅಕ್ಕ ಗೇಟಿನ ಕಡೆಯಿಂದ, ತಂಗಿ ಲೈಬ್ರರಿ ಕಡೆಯಿಂದ ಗುಡಿಸುತ್ತ ಬಂದು ನಡುವೆ ಸೇರುತ್ತಿದ್ದರು. "ನಾನು ಸ್ವಲ್ಪ ನಿಂತ್ರೆ ಸಾಕು, 'ಅಕ್ಕಾ, ಅಲ್ಲೇ ಬೇರು ಬಿಟ್ಯಾ?' ಅಂತ ಕೂಗೋಳು." ತಂಗಿ ತೀರಿಕೊಂಡು ಎರಡು ವರ್ಷ. ಈಗ ಹುಲ್ಲಕ್ಕ ಎರಡೂ ಕಡೆಯಿಂದ ಒಬ್ಬರೇ ಗುಡಿಸುತ್ತಾರೆ.

ತಂಗಿ ತೀರಿಕೊಂಡ ಆ ಚಳಿಗಾಲದಲ್ಲಿ ಖಾಲಿ ಮನೆಗೆ ಮರಳಲು ಮನಸ್ಸಾಗದೆ ದಿನಾ ಸಂಜೆ ಪೈಪು ಹಿಡಿದು ನಿಂತುಬಿಟ್ಟರು. ಮಲಗಿದ ಹುಲ್ಲಿಗೆ ನೀರು ಹೆಚ್ಚಾಗಿ ಲೈಬ್ರರಿಯ ಮೂಲೆ ಕೊಳೆತುಹೋಯಿತು. "ಅವಳ ಮೂಲೆ ಅದು. ಕೈಯಾರೆ ಹಾಳು ಮಾಡ್ದೆ."

ಆ ಬೋಳು ಜಾಗ ನೋಡಿಯೇ ಕಾಲೇಜಿನ ಉಸ್ತುವಾರಿಯವರು ಪ್ಲಾಸ್ಟಿಕ್ ಹುಲ್ಲಿನ ಮಾತೆತ್ತಿದ್ದು. ಹುಲ್ಲಕ್ಕ ಗೇಟಿನ ಕಡೆಯ ಹುಲ್ಲಿನ ಬಳ್ಳಿ ತಂದು ಅಲ್ಲಿ ನೆಟ್ಟಿದ್ದಾರೆ. ಈ ಚಳಿ ಕಳೆದ ಮೇಲೆ ಆ ಮೂಲೆ ಚಿಗುರದಿದ್ದರೆ ಇಡೀ ಹುಲ್ಲುಹಾಸನ್ನೇ ಕಿತ್ತು ಪ್ಲಾಸ್ಟಿಕ್ ಹಾಸುತ್ತಾರಂತೆ.

ಅದಕ್ಕೇ ಈ ಸಲ ನಲ್ಲಿಗೆ ಬೀಗ ಹಾಕಿಸಿ ಬೀಗದ ಕೈಯನ್ನು ವಾಚ್‌ಮನ್‌ಗೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಮಾತ್ರ ತೆಗೆಯಲು. "ಮಿಕ್ಕ ದಿನ ನಾನು ಅತ್ತರೂ ಕೊಡ್ಬೇಡ ಅಂದಿದೀನಿ."

"ಮೂರು ಸಲ ಬಂದಿದ್ರು," ವಾಚ್‌ಮನ್ ನಗುತ್ತಾರೆ. "'ಹೋಗಕ್ಕಾ, ಟೀ ಕುಡಿ ಹೋಗು' ಅಂತ ಓಡಿಸ್ದೆ."

ಬಿಸಿಲು ಬಂತು, ಹಿಮ ಕರಗಿತು. ಹುಲ್ಲಕ್ಕ ಲೈಬ್ರರಿ ಮೂಲೆಗೆ ನಡೆದು ಕುಕ್ಕರಗಾಲಲ್ಲಿ ಕೂತು ಒಂದು ಒಣಬಳ್ಳಿಯನ್ನು ಉಗುರಿನಿಂದ ಕೆರೆಯುತ್ತಾರೆ. ಒಳಗೆ ದಾರದಷ್ಟು ಹಸಿರು!

ಉಸ್ತುವಾರಿಯವರನ್ನು ಈಗಲೇ ಕರೆಯೋಣವಾ ಎಂದು ನಾನು ಕುಣಿಯುತ್ತೇನೆ.

"ಬೇಡ, ಇನ್ನೂ ಮಲಗ್ಲಿ. ಎದ್ದ ಮೇಲೆ ಅವರಿಗೇ ಕಾಣತ್ತೆ." ಬಳ್ಳಿಯನ್ನು ಮೆಲ್ಲಗೆ ಮಣ್ಣಿಗೆ ಒತ್ತುತ್ತಾರೆ. "ಅವಳಿದ್ದಿದ್ರೆ ಹೇಳ್ತಿದ್ದೆ, ಈ ಸಲ ಕೈಕಟ್ಕೊಂಡೇ ಇದ್ದೆ ಕಣೇ ಅಂತ."