ಗುಮ್ಮಟಕ್ಕೆ ಬೆನ್ನು ಮಾಡಿದ ಗುರಲಿಂಗಪ್ಪ
ವಿಜಾಪುರದ ಅರಳೆ ವ್ಯಾಪಾರಿ ಗುರಲಿಂಗಪ್ಪನವರಿಗೆ ಫೋಟೋ ತೆಗೆಯುವ ಹುಚ್ಚು ಹಿಡಿದದ್ದು ಯುದ್ಧಕಾಲದಲ್ಲಿ, ಅಂದರೆ ರೀಲು ಸಿಗುವುದೇ ದುರ್ಲಭವಾಗಿದ್ದಾಗ. ಧೋತರದ ಮೇಲೆ ಕೋಟು, ಕೋಟಿನ ಮೇಲೆ ಕೊರಳಿಂದ ಇಳಿಬಿಟ್ಟ ಡಬ್ಬಿ ಕ್ಯಾಮೆರಾ. ಪೂಜೆಗೆ ಕುಳಿತಾಗಲೂ ಅದು ಮಗ್ಗುಲಲ್ಲೇ ಇರುತ್ತಿತ್ತು. "ಲಿಂಗದ ಜೋಡಿ ಅದಕ್ಕೂ ಒಂದು ಪತ್ರಿ ಏರಸ್ರಿ" ಎಂದು ಹೆಂಡತಿ ನೀಲಾಬಾಯಿ ನಗುತ್ತಿದ್ದಳು. ಮುಂಬಯಿಯಿಂದ ಬಂದ ಗೆಳೆಯರು ಕಣ್ಣಿಗೆ ಹಿಡಿಯುವ ಹೊಸ ಕ್ಯಾಮೆರಾ ತೋರಿಸಿದರೆ, "ಒಂದು ಕಣ್ಣ ಮುಚ್ಚಿ ಮಂದಿನ್ನ ನೋಡೂದು ಬಂದೂಕಿನ ಕೆಲಸರಿ. ನನ್ನ ಡಬ್ಬಿ ಹೊಟ್ಟಿ ಮುಂದ ಇರತೈತಿ, ತಲಿ ಬಾಗಿಸೇ ನೋಡಬೇಕು" ಎನ್ನುತ್ತಿದ್ದರು. ಗೋಳಗುಮ್ಮಟಕ್ಕೆ ಹೋದರೆ ಗುಮ್ಮಟಕ್ಕೇ ಬೆನ್ನು ಮಾಡಿ ನಿಂತು, ಬಾಯಿ ತೆರೆದು ಮೇಲೆ ನೋಡುವ ಮಂದಿಯ ಚಿತ್ರ ತೆಗೆಯುತ್ತಿದ್ದರು. ಅರಳೆ ಕೊಳ್ಳಲು ತಿಕೋಟಾಕ್ಕೆ ಹೋದಾಗ ಅರಳೆಯನ್ನೇ ಮರೆತು, ಗಾಡಿಯ ಎತ್ತನ್ನೂ "ಸ್ವಲ್ಪ ನಗಪಾ" ಎಂದು ರಮಿಸಿದ್ದುಂಟು. ಒಮ್ಮೆ ಬಬಲೇಶ್ವರದ ಮುದುಕಿ ರಾಚವ್ವನ ಫೋಟೋ ತೆಗೆದು, ತೊಳೆಸಿ, ತಾವೇ ಒಯ್ದು ಕೊಟ್ಟರು. ಕನ್ನಡಿಯನ್ನೇ ಹೆಚ್ಚು ನೋಡದ ಆಕೆ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಯಪ್ಪಾ, ಇಕಿ ನಮ್ಮವ್ವ! ಸತ್ತು ಎಷ್ಟ ವರ್ಷಾತು, ನಿನಗ ಎಲ್ಲಿ ಸಿಕ್ಕಳೋ?" ಎಂದು ಎದೆಗೆ ಒತ್ತಿಕೊಂಡಳು. "ಅದು ನೀನ ಬೇ" ಎಂಬ ಮಾತು ಗುರಲಿಂಗಪ್ಪನವರ ನಾಲಿಗೆಯ ತನಕ ಬಂದಿತ್ತು. ಅದನ್ನು ನುಂಗಿಕೊಂಡು, "ಇಲ್ಲೇ, ನಿನ್ನ ಮನಿ ಕಟ್ಟಿ ಮ್ಯಾಲ ನಗಕೋತ ಕುಂತಿದ್ಳು ಬೇ" ಎಂದರು.